ಜಾಗತಿಕ ರಾಜಕೀಯ ಅರ್ಥಶಾಸ್ತ್ರದಲ್ಲಿ ಅಧಿಕಾರವನ್ನು ತೋರಿಸುವುದು ಹೇಗೆ?

ಗಂಗೋತ್ರಿ ಎಂಎ:
ಮೈಸೂರಲ್ಲಿ ಎಂಎ ಓದುತ್ತಿದ್ದೇನೆ, ಊರು ಮಂಡ್ಯ ಹತ್ತಿರ. ಬಿಎಯಲ್ಲಿ ಬೇಡಿಕೆ, ಪೂರೈಕೆ, ಬೆಲೆ ಇಷ್ಟೇ ಇತ್ತು. ಇಲ್ಲಿ ಏನು ಕೇಳಿದರೂ 'ಇದರ ಹಿಂದೆ ಅಧಿಕಾರ ಇದೆ' ಅನ್ನುತ್ತಾರೆ. ಸರಿ, ಅದನ್ನು ತೋರಿಸುವುದು ಹೇಗೆ? ದೊಡ್ಡ ದೇಶ ಹೇಳಿದ್ದೇ ನಡೆಯುತ್ತದೆ ಅಂತ ಬರೆದರೆ ಅದು ಟೀ ಅಂಗಡಿ ಮಾತು, ಪ್ರಬಂಧ ಅಲ್ಲ. ಮೊದಲು ಸಿದ್ಧಾಂತ ಓದಲಾ, ಇಲ್ಲಾ ಉದಾಹರಣೆ ಹಿಡಿಯಲಾ?

ಹಳೇ ವಿದ್ಯಾರ್ಥಿ:
ಮಂಡ್ಯದವರು ಉದಾಹರಣೆ ಹುಡುಕಬೇಕಾ? ಕಬ್ಬು ಹಿಡಿಯಿರಿ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ, ಕಬ್ಬು ಸಕ್ಕರೆಗೆ ಕೊಡುವ ಬೆಂಬಲದ ಬಗ್ಗೆ ಭಾರತದ ಮೇಲೆ ದೂರು ಕೊಟ್ಟವು. ಕಾರ್ಖಾನೆ ಕಬ್ಬಿಗೆ ಕೊಡಲೇಬೇಕು ಅಂತ ಕೇಂದ್ರ ನಿಗದಿ ಮಾಡುವ ಕನಿಷ್ಠ ಬೆಲೆ, ಎಫ್‌ಆರ್‌ಪಿ ಇದೆಯಲ್ಲ, ನಿಮ್ಮ ಮನೆಯಲ್ಲಿ ಟನ್‌ಗೆ ಎಷ್ಟು ಅಂತ ದಿನಾ ಮಾತಾಡುವುದು, ಅದೂ ಆ ದೂರಿನಲ್ಲಿ ಇತ್ತು. ಒಂದು ಬೆಳೆಗೆ ಇಂಥ ಬೆಂಬಲ ಕೊಡಲು ನಮ್ಮಂಥ ದೇಶಕ್ಕೆ ಅಲ್ಲಿರುವ ಮಿತಿ ಆ ಬೆಳೆಯ ಉತ್ಪಾದನೆಯ ಮೌಲ್ಯದ 10%. ಅದನ್ನು ಮೀರಿದ್ದೀರಿ ಅಂತ 2021ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಭಾರತ ಮೇಲ್ಮನವಿ ಹಾಕಿತು. ಮಜಾ ಇರುವುದು ಇಲ್ಲಿ: ಮೇಲ್ಮನವಿ ಕೇಳುವ ಪೀಠದಲ್ಲಿ ಕೂರಲು ಸದಸ್ಯರೇ ಇರಲಿಲ್ಲ, ಯಾಕೆಂದರೆ ಅಮೆರಿಕ ಹೊಸ ನೇಮಕಗಳನ್ನು ತಡೆದು 2019ರ ಡಿಸೆಂಬರ್‌ನಿಂದಲೇ ಪೀಠ ನಿಂತುಹೋಗಿತ್ತು. ತೀರ್ಪು ಜಾರಿಯಾಗದೆ ಕೂತಿತು. ಒಂದು ದೇಶ ಸುಮ್ನೆ ನೇಮಕಕ್ಕೆ ಒಪ್ಪದೆ ಇಡೀ ನ್ಯಾಯವ್ಯವಸ್ಥೆಯನ್ನು ನಿಲ್ಲಿಸಿತು, ಅದರ ಲಾಭ ಈ ಸಲ ನಮಗೇ ಸಿಕ್ಕಿತು. ಯಾರು ಗೆದ್ದರು ಅನ್ನುವುದಕ್ಕಿಂತ ಯಾರಿಗೆ ತಡೆಯುವ ಶಕ್ತಿ ಇತ್ತು ಅಂತ ಕೇಳಿ.

ಬ್ಯಾಂಕ್ ನಿವೃತ್ತ:
ಉದಾಹರಣೆ ಚೆನ್ನಾಗಿದೆ, ಆದರೆ ಸಿದ್ಧಾಂತ ಬಿಟ್ಟರೆ ಅದು ಪತ್ರಿಕೆ ವರದಿ ಆಗುತ್ತದಮ್ಮ. ಬ್ರಿಟನ್ನಿನ ರಾಜಕೀಯ ಅರ್ಥಶಾಸ್ತ್ರದ ವಿದ್ವಾಂಸೆ ಸುಸಾನ್ ಸ್ಟ್ರೇಂಜ್ ಓದು. ಒತ್ತಾಯ ಮಾಡಿ ಕೆಲಸ ಮಾಡಿಸುವುದು ಒಂದು ಬಗೆ, ಎಲ್ಲರೂ ಯಾವ ಚೌಕಟ್ಟಿನೊಳಗೆ ವ್ಯವಹಾರ ಮಾಡಬೇಕೋ ಅದನ್ನೇ ಕಟ್ಟುವುದು ಇನ್ನೊಂದು ಬಗೆ ಅನ್ನುತ್ತಾರೆ ಆಕೆ. ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ, ಈ ನಾಲ್ಕರಲ್ಲಿ ಹುಡುಕು ಅಂತಾರೆ. ನನಗೆ ಹಣಕಾಸೇ ಮುಖ್ಯ ಅನಿಸುತ್ತದೆ. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನಲ್ಲಿ ದೊಡ್ಡ ನಿರ್ಧಾರಕ್ಕೆ 85% ಮತ ಬೇಕು, ಅಮೆರಿಕದ ಮತ 16%ಗಿಂತ ಜಾಸ್ತಿ. ಅಮೆರಿಕ ಒಪ್ಪದಿದ್ದರೆ ಉಳಿದವರೆಲ್ಲ ಒಂದಾದರೂ 85% ಮುಟ್ಟುವುದಿಲ್ಲ. ಭಾರತದ್ದು 3%ಕ್ಕಿಂತ ಕಡಿಮೆ. 1991ರಲ್ಲಿ ಚಿನ್ನ ಅಡ ಇಟ್ಟು, ಅದೇ ಐಎಂಎಫ್‌ನಲ್ಲಿ ಸಾಲ ಎತ್ತಿದ ದಿನಗಳನ್ನು ನಾನು ಕೌಂಟರಿನಲ್ಲಿ ಕೂತು ಕಂಡವನು.

ವಿಸಿ ನಾಲೆ:
ಇಬ್ಬರೂ ಭಾರತವನ್ನು ಬರೀ ಏಟು ತಿನ್ನುವವನ ಥರ ಬರೆದಿದ್ದೀರಿ. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿದ್ದು ಯಾರು? ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ನಮ್ಮದೇ ಸುಮಾರು 40%. ಆಫ್ರಿಕಾದ ಕೊಳ್ಳುವ ದೇಶಗಳನ್ನು ಯಾರೂ ಕೇಳಲಿಲ್ಲ. ಹೊರಗೆ ಬೆಲೆ ಏರಿತು, ಆ ಬೆಲೆ ನಮ್ಮ ಭತ್ತಕ್ಕೆ ಬರಲಿಲ್ಲ, ಅದು ಬೇರೆ ಮಾತು. ಇನ್ನು ಸಕ್ಕರೆ ಕಾರ್ಖಾನೆ ನಮ್ಮ ಕಬ್ಬಿನ ಹಣ ಬಾಕಿ ಉಳಿಸಿಕೊಂಡಾಗ ನಾವು ತಿಂಗಳುಗಟ್ಟಲೆ ಕಾಯುತ್ತೇವೆ. ಅದೂ ಅಧಿಕಾರವೇ ಅಲ್ವಾ? ವಿಶ್ವ ವ್ಯಾಪಾರ ಸಂಸ್ಥೆ ಇರುವ ಜಿನೀವಾದಲ್ಲಿ ಶುರು ಮಾಡಿ ಅಲ್ಲೇ ಮುಗಿಸಬೇಡವ್ವ.

ಗಂಗೋತ್ರಿ ಎಂಎ:
ಎಲ್ಲರಿಗೂ ಥ್ಯಾಂಕ್ಸ್. ಸಕ್ಕರೆ ಕೇಸ್ ತೆಗೆದುಕೊಳ್ಳುತ್ತೇನೆ, ಕಾರ್ಖಾನೆ ಬಾಕಿಯನ್ನೂ ಸೇರಿಸುತ್ತೇನೆ. ಅಕ್ಕಿಗೆ ಪುಟ ಸಾಲುವುದಿಲ್ಲ. ನಾಲೆ ಅಣ್ಣಾ, ನಿಮ್ಮ ಕಡೆ ಬಾಕಿ ಬಗ್ಗೆ ಮಾತಾಡಲು ಒಪ್ಪುವ ಬೆಳೆಗಾರರು ಸಿಗುತ್ತಾರಾ?

ವಿಸಿ ನಾಲೆ:
ಸಿಗುತ್ತಾರೆ, ಸುಮ್ಮನಾಗಿಸುವುದೇ ಕಷ್ಟ. ಕಟಾವು ಮುಗಿದ ಮೇಲೆ ಬಾ.