ಪದಚರ್ಚೆ: ‘ಮಂಪರು’ ನಿದ್ದೆಯದೋ, ಮದ್ದಿನದೋ?

ಗೆಳೆಯರೇ,

ನಿದ್ದೆಯ ಹಂತಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಹಂತಕ್ಕೇ ಹೆಸರು ಕೂರುತ್ತಿಲ್ಲ. ತಜ್ಞರು ಇದನ್ನು ಎನ್-1 ಅನ್ನುತ್ತಾರೆ. ಮಿದುಳಿನ ಆಲ್ಫಾ ಅಲೆ ಕರಗಿ, ಅದಕ್ಕಿಂತ ನಿಧಾನದ ತೀಟಾ ಅಲೆ ಶುರುವಾಗುವ ಹೊತ್ತು. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಮೆಲ್ಲಗೆ ಅತ್ತಿತ್ತ ಹೊರಳುತ್ತದೆ. ಚೂರುಪಾರು ಚಿತ್ರಗಳು ಬಂದು ಹೋಗುತ್ತವೆ. ಯಾರೋ ಹೆಸರು ಹಿಡಿದು ಕರೆದ ಹಾಗಾಗುತ್ತದೆ. ಒಮ್ಮೊಮ್ಮೆ ಮೈ ಝಲ್ಲೆಂದು ಬೆಚ್ಚಿ ಬೀಳುತ್ತೇವೆ. ಆಗ ಎಬ್ಬಿಸಿದರೆ ‘ನಾನೆಲ್ಲಿ ಮಲಗಿದ್ದೆ, ಎಲ್ಲಾ ಕೇಳಿಸ್ತಾ ಇತ್ತಲ್ಲ’ ಅನ್ನುವವರು ಎಷ್ಟೋ ಜನ.

‘ತೂಕಡಿಕೆ’ ಇಲ್ಲಿಗೆ ಹೊಂದುವುದಿಲ್ಲ. ಅದು ನೋಡುವವರಿಗೆ ಕಾಣುವಂಥದ್ದು; ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ತಲೆ ವಾಲಬೇಕು. ಹಾಸಿಗೆಯಲ್ಲಿ ಮಲಗಿದವರು ತೂಕಡಿಸುವುದಿಲ್ಲ ಅಲ್ವಾ? ‘ಊಟ ಆದ್ಮೇಲೆ ಒಂದು ಜೊಂಪು ಹತ್ತಿತು’ ಅಂದರೆ ಸಣ್ಣ ನಿದ್ದೆಯೇ ಆಗಿಹೋಯಿತು. ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ ಅನ್ನುವುದಕ್ಕೆ ನನ್ನ ಕಿವಿಗೆ ಹಿಡಿಸುವುದು ‘ಮಂಪರು’.

ತೊಡಕಿರುವುದು ‘ಮಂಪರು ಪರೀಕ್ಷೆ’ಯಲ್ಲಿ. ನಾರ್ಕೋ ಅನಾಲಿಸಿಸ್‌ಗೆ ನಮ್ಮ ಪತ್ರಿಕೆಗಳು ಕೊಟ್ಟ ಹೆಸರು ಅದು. ಸೋಡಿಯಂ ಪೆಂಟೋಥಾಲ್ ಅರಿವಳಿಕೆಯ ಔಷಧ. ಅದನ್ನು ಹದವಾಗಿ ರಕ್ತನಾಳಕ್ಕೆ ಬಿಟ್ಟು, ಆರೋಪಿ ಪೂರ್ತಿ ನಿದ್ದೆಗೆ ಜಾರದ ಹಾಗೆ ಹಿಡಿದು ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್ ಪತ್ರಿಕೆಗಳು ಇದೇ ಔಷಧವನ್ನು ‘ಟ್ರೂತ್ ಸೀರಮ್’, ಅಂದರೆ ನಿಜ ನುಡಿಸುವ ಮದ್ದು, ಎಂದು ಕರೆದವು. ನನಗೆ ಕನ್ನಡದ ಹೆಸರೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಆ ಸ್ಥಿತಿಯಲ್ಲಿ ನಾಲಿಗೆ ಸಡಿಲವಾಗುತ್ತದೆ, ಅಷ್ಟೇ. ನಿಜ, ಕಲ್ಪನೆ, ಕೇಳುವವರೇ ತಲೆಗೆ ಹಾಕಿದ್ದು ಎಲ್ಲಾ ಕಲಸಿಕೊಂಡು ಬರಬಹುದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಆಗ ಆಡಿದ ಮಾತೇ ಸಾಕ್ಷ್ಯ ಆಗುವುದಿಲ್ಲ.

ಹೆಸರೇನೋ ಚೆನ್ನಾಗಿದೆ. ಆದರೆ ‘ಮಂಪರು’ ಅಂದ ಕೂಡಲೇ ಈಗ ಕೆಲವರಿಗೆ ಸೂಜಿಯೂ ಪೊಲೀಸರೂ ನೆನಪಾಗುತ್ತಾರೆ. ಲೇಖನದ ಕರಡು ಓದಿದ ಗೆಳತಿಯೊಬ್ಬರು ‘ಮಂಪರು ಹಂತ’ ಎಂದಿದ್ದಲ್ಲಿ ‘ಇದು ಮಾತ್ರೆ ತಗೊಂಡವರಿಗಾ?’ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾರೆ. ‘ಮತ್ತು’, ‘ಅಮಲು’, ‘ನಶೆ’ ಇಷ್ಟೆಲ್ಲಾ ಇದ್ದೂ ಮದ್ದಿಗೆ ಈ ಪದವೂ ಬೇಕಿತ್ತಾ ಅಂತ ಸುಮ್ನೆ ಗೊಣಗಿಕೊಂಡೆ. ಆದರೆ ಅಮಲಿನಲ್ಲಿ ಒಂದು ಖುಷಿ, ಒಂದು ಸೊಕ್ಕು ಇರುತ್ತದೆ (‘ಅಧಿಕಾರದ ಅಮಲು’ ಅನ್ನುವುದಿಲ್ಲವೇ). ಪೆಂಟೋಥಾಲ್‌ಗೆ ಅದು ಸಲ್ಲದು. ‘ಮತ್ತು’ ಸಲ್ಲುತ್ತಿತ್ತೇನೋ.

‘ಅರೆನಿದ್ದೆ’ ಎಂದು ಬರೆದು ಮುಗಿಸಬಹುದು. ಆದರೆ ರಾತ್ರಿಯಿಡೀ ಸರಿಯಾಗಿ ನಿದ್ದೆ ಆಗದಿದ್ದರೂ ‘ಅರೆನಿದ್ದೆ ಆಯ್ತು’ ಅನ್ನುತ್ತೇವೆ.

ಹಾಗಾಗಿ ಕೇಳುವುದಿಷ್ಟು. ಔಷಧವಿಲ್ಲದ ಬರೀ ನಿದ್ದೆಗಣ್ಣಿಗೆ ನಿಮ್ಮ ಮನೆಮಾತಿನಲ್ಲಿ ‘ಮಂಪರು’ ಇನ್ನೂ ಓಡಾಡುತ್ತಿದೆಯೇ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಇದಕ್ಕೆ ಬೇರೇನಾದರೂ ಅನ್ನುತ್ತೀರಾ? ನಿಘಂಟಿನ ಅರ್ಥ ನನ್ನ ಹತ್ತಿರವೂ ಇದೆ. ಮನೆಯಲ್ಲಿ ಆಡುವ ಒಂದೊಂದು ವಾಕ್ಯ ಕೊಟ್ಟರೆ ಸಾಕು.