ಒಂದೇ ತೆನೆಯಲ್ಲಿ ಮೆದು ಕಾಳು, ಗಟ್ಟಿ ಕಾಳು: ಕೊಯ್ಲೋತ್ತರ ತಂತ್ರಜ್ಞೆಗೆ ಪ್ರಶ್ನೆಗಳು

ಬೆಳೆಗಾರ, ರಾಣೆಬೆನ್ನೂರು: ಮೇಡಂ, ಸೂಪರ್ ಸ್ವೀಟ್ ತಳಿಯ ಸಿಹಿಜೋಳ ಹಾಕಿದ್ದೆ. ರೇಷ್ಮೆ (ತೆನೆಯ ತುದಿಯ ಕೂದಲಿನಂಥ ಎಳೆಗಳು) ಬಂದ 22ನೇ ದಿನಕ್ಕೆ ತೆನೆ ಮುರಿದೆವು. ಒಂದು ಕಾಳು ಮೆತ್ತಗಿದ್ದರೆ ಪಕ್ಕದ್ದು ಗಟ್ಟಿ. ವ್ಯಾಪಾರಿ ಬೇಡವೆಂದ. ಕೊಯ್ಲು ತಡವಾಯಿತೇ?

ತಂತ್ರಜ್ಞೆ: ತಡವಾಗಿದ್ದರೆ ಇಡೀ ತೆನೆ ಬಲಿಯುತ್ತಿತ್ತು. ಸುತ್ತಮುತ್ತ ಗೋವಿನಜೋಳ ಇದೆಯೇ?

ಬೆಳೆಗಾರ, ರಾಣೆಬೆನ್ನೂರು: ಮೂರು ಕಡೆ ಇದೆ. ಎಲ್ಲರೂ ಒಂದೇ ವಾರ ಬಿತ್ತಿದ್ದು.

ತಂತ್ರಜ್ಞೆ: ಹಾಗಿದ್ದರೆ ನನ್ನ ಅನುಮಾನ ಪರಾಗದ ಮೇಲೆ. ರೇಷ್ಮೆಯ ಒಂದೊಂದು ಎಳೆಗೆ ಒಂದೊಂದು ಕಾಳು. ಯಾವ ಎಳೆಯ ಮೇಲೆ ಗೋವಿನಜೋಳದ ಪರಾಗ ಬಿದ್ದಿತೋ ಆ ಕಾಳು ಇದೇ ಹಂಗಾಮಿನಲ್ಲಿ ಪಿಷ್ಟ ತುಂಬಿಕೊಂಡು ಗಟ್ಟಿಯಾಗುತ್ತದೆ. ಎರಡು ತೆನೆ ಪೂರ್ತಿ ಒಣಗಿಸಿ ನೋಡಿ. ನಿಮ್ಮ ತಳಿಯ ಕಾಳು ಸುಕ್ಕುಗಟ್ಟಿ ಕುಗ್ಗುತ್ತದೆ. ಹೊರಗಿನ ಪರಾಗದ್ದು ನುಣ್ಣಗೆ ತುಂಬಿಕೊಂಡು ನಿಲ್ಲುತ್ತದೆ. ಉಗುರು ಚುಚ್ಚಿ ತೀರ್ಮಾನಿಸಬೇಡಿ. ಉಗುರಿಗೆ ಮೊದಲು ಅಡ್ಡ ಬರುವುದು ಹೊರಸಿಪ್ಪೆ. ನಿಮ್ಮ ತೊಂದರೆ ಅದರೊಳಗಿದೆ. ಪ್ರಯೋಗಾಲಯದಲ್ಲಿ ಸಣ್ಣ ಕಡ್ಡಿಯೊಂದನ್ನು ಒಂದೇ ವೇಗದಲ್ಲಿ ಕಾಳಿಗೆ ಇಳಿಸಿ, ಸಿಪ್ಪೆ ಹರಿಯುವ ಕ್ಷಣದ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತೇವೆ. ಸಿಪ್ಪೆ ಹರಿದ ಮೇಲೂ ತಡೆ ಮುಂದುವರಿದರೆ ಅದು ಪಿಷ್ಟದ್ದು. ಮುಂದಿನ ಸಲ ಎರಡೂ ಬೆಳೆ ಹೂಬಿಡುವುದರ ನಡುವೆ ಎರಡು ವಾರವಾದರೂ ಅಂತರ ಇರಲಿ.

ಸದಸ್ಯೆ, ಮೈಸೂರು: ಸಿಹಿಜೋಳ ಒಣಗಿಸಿ ಹುರಿದರೆ ಪಾಪ್‌ಕಾರ್ನ್ ಆಗುತ್ತದೆಯೇ?

ತಂತ್ರಜ್ಞೆ: ಇಲ್ಲ. ಒಳಗೆ ಆವಿ ಕಟ್ಟಿಹಾಕುವ ಬಿಗಿ ಸಿಪ್ಪೆಯೂ ಅರಳುವಷ್ಟು ಗಟ್ಟಿ ಪಿಷ್ಟವೂ ಅದಕ್ಕಿಲ್ಲ.

ಬೆಳೆಗಾರ, ದಾವಣಗೆರೆ: ಅಂತರ ಇರಲಿ ಎಂದರೆ ನಾವು ಗೋವಿನಜೋಳದವರು ಮಳೆ ಬಿಟ್ಟು ಕಾಯಬೇಕೇ?

ಬೆಳೆಗಾರ, ರಾಣೆಬೆನ್ನೂರು: ಅಣ್ಣಾ, ನಷ್ಟ ನನಗೆ. ನನ್ನ ಪರಾಗ ನಿಮ್ಮ ಹೊಲಕ್ಕೆ ಬಂದರೆ ನಿಮಗೇನೂ ಆಗುವುದಿಲ್ಲವಲ್ಲ!

ಬೆಳೆಗಾರ, ದಾವಣಗೆರೆ: ಗಾಳಿಗೆ ಬೇಲಿ ಹಾಕಿಸಿಕೊಳ್ಳಿ.

ಸದಸ್ಯ, ತುಮಕೂರು: ಫಾರ್ವರ್ಡ್ ಬಂದಿದೆ: ಬಿತ್ತನೆ ಬೀಜವನ್ನು ರಾತ್ರಿಯಿಡೀ ಬೆಲ್ಲದ ನೀರಿನಲ್ಲಿ ನೆನೆಸಿದರೆ ಕಾಳು ಇನ್ನೂ ಸಿಹಿಯಂತೆ.

ತಂತ್ರಜ್ಞೆ: ಬೆಲ್ಲವನ್ನು ಹೋಳಿಗೆಗೆ ಇಟ್ಟುಕೊಳ್ಳಿ. ಸಿಹಿ ಬರುವುದು ತಳಿಯ ಗುಣದಿಂದ. ಸೂಪರ್ ಸ್ವೀಟ್ ಬೀಜದ ಸಿಪ್ಪೆ ಪೆಡಸು, ಚೀಲ ಎತ್ತಿ ಹಾಕಿದರೂ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಮ್ಮೆಲೇ ನುಗ್ಗಿದರೆ ಒಳಗಿನ ಸಕ್ಕರೆ ಸೋರಿ, ಮೊಳಕೆಗೆ ಮೊದಲೇ ಬೂಸ್ಟು ಹಿಡಿಯುತ್ತದೆ. ಇಂಥದ್ದನ್ನು ಹಂಚುವ ಮೊದಲು ಹತ್ತು ಬೀಜ ನೆನೆಸಿ ನೋಡುವಷ್ಟಾದರೂ ವ್ಯವಧಾನ ಇರಲಿ.

ಸದಸ್ಯ, ತುಮಕೂರು: ಹಂಚಿದ್ದು ನಾನಲ್ಲ, ಕೇಳಿದೆ ಅಷ್ಟೇ.

ಸದಸ್ಯ, ಹಾಸನ: ಕಾಳು ಬಿಡಿಸುವ ಯಂತ್ರಕ್ಕೆ ಸಬ್ಸಿಡಿ ಇದೆಯೇ?

ಗೃಹಿಣಿ, ಬೆಂಗಳೂರು: ತೆನೆ ತಂದು ಎರಡು ದಿನ ಹೊರಗಿಟ್ಟಿದ್ದೆ, ಬೇಯಿಸಿದರೂ ನಾರುನಾರು. ಸೋಡಾ ಹಾಕಲೇ?

ತಂತ್ರಜ್ಞೆ: ಬೇಡ, ರುಚಿ ಕೆಡುತ್ತದೆ. ತೇವ ಆರಿದೆ, ಸಕ್ಕರೆ ಕಡಿಮೆಯಾಗಿದೆ. ಅದು ಮರಳಿ ಬರದು. ಇನ್ನು ಮುಂದೆ ತಂದ ದಿನವೇ ಸುಲಿಯದೆ ಫ್ರಿಜ್‌ನಲ್ಲಿಡಿ.

ಸದಸ್ಯ, ಕೋಲಾರ: ಮೇಡಂ, ಸಿಹಿಜೋಳದಿಂದ ಪಾಪ್‌ಕಾರ್ನ್...

ತಂತ್ರಜ್ಞೆ: ಮೇಲೆ ಓದಿ.

ಬೆಳೆಗಾರ, ದಾವಣಗೆರೆ: ಪರಾಗದ ನಷ್ಟ ಕಟ್ಟಿಕೊಡಿ ಎಂದು ಇವರು ನನಗೆ ಖಾಸಗಿಯಾಗಿ ಬರೆದಿದ್ದಾರೆ. ನೀವೇ ಹೇಳಿ ಮೇಡಂ, ಇದು ನ್ಯಾಯವೇ?

ತಂತ್ರಜ್ಞೆ: ನನಗೆ ಒಣಗಿದ ತೆನೆಯ ಚಿತ್ರ ಬೇಕು. ಪಂಚಾಯಿತಿ ಬೇರೆ ಎಲ್ಲಾದರೂ ನಡೆಸಿ.

ಸದಸ್ಯ, ಹಾಸನ: ಸಬ್ಸಿಡಿ ವಿಚಾರ ಕೇಳಿದ್ದೆ ಮೇಡಂ.