ಕ್ರೇನಿಯೋಸೇಕ್ರಲ್ ಥೆರಪಿ: ತಲೆಬುರುಡೆ ನಿಜವಾಗಿ ಅಲ್ಲಾಡುತ್ತಾ?

ಪ್ರಶ್ನೆ: ಮೇಡಂ, ನೀವು ಫಿಸಿಯೋಥೆರಪಿಸ್ಟ್ ಅಂತ ಕೇಳುತ್ತಿದ್ದೇನೆ. ನನಗೆ ತುಂಬಾ ದಿನದಿಂದ ಕುತ್ತಿಗೆ ನೋವು, ಜೊತೆಗೆ ಆಗಾಗ ತಲೆನೋವು. ಗೊತ್ತಿರುವವರೊಬ್ಬರು ಕ್ರೇನಿಯೋಸೇಕ್ರಲ್ ಥೆರಪಿ ಮಾಡಿಸಿ ಅಂದರು. ತಲೆಬುರುಡೆಯ ಮೂಳೆಗಳು ಸಣ್ಣಗೆ ಅಲ್ಲಾಡುತ್ತಾ ಇರುತ್ತವಂತೆ, ಕೈಯಿಟ್ಟು ಅದನ್ನು ಸರಿ ಮಾಡುತ್ತಾರಂತೆ. ಬುರುಡೆ ಅಂದರೆ ಒಂದೇ ಮೂಳೆ ಅಲ್ವಾ?

ಉತ್ತರ: ಒಂದೇ ಅಲ್ಲ, 22 ಮೂಳೆ. ಅದರಲ್ಲಿ 14 ಮುಖದವು. ಮಿದುಳನ್ನು ಸುತ್ತಿಕೊಂಡಿರುವುದು 8: ಹಣೆಗೆ ಒಂದು, ನೆತ್ತಿಯ ಆಚೀಚೆ ಎರಡು, ಕಿವಿಯ ಹತ್ತಿರ ಎರಡು, ಹಿಂದಲೆಗೆ ಒಂದು, ಬುಡದಲ್ಲಿ ಅಡ್ಡಕ್ಕೆ ಕೂತಿರುವ ಸ್ಫಿನಾಯ್ಡ್, ಮೂಗಿನ ಮೇಲ್ಗಡೆ ಎತ್ಮಾಯ್ಡ್. ಇವು ಕೂಡುವ ಜಾಗಕ್ಕೆ ಸೂಚರ್ ಅನ್ನುತ್ತಾರೆ. ಗರಗಸದ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡ ಹಾಗಿರುತ್ತದೆ, ನಡುವೆ ತೆಳುವಾದ ನಾರು. ಹುಟ್ಟಿದ ಮಗುವಿನಲ್ಲಿ ಈ ಕೂಡುಗಳು ಸಡಿಲ, ಹೆರಿಗೆಯ ಹೊತ್ತಿಗೆ ಮೂಳೆಗಳು ಒಂದರ ಮೇಲೊಂದು ಸರಿಯುವುದರಿಂದಲೇ ತಲೆ ಸಲೀಸಾಗಿ ಹೊರಗೆ ಬರುವುದು. ವಯಸ್ಸಾದ ಹಾಗೆ ಬಿಗಿಯಾಗುತ್ತವೆ, ಎಷ್ಟೋ ಕಡೆ ಬೆಸೆದೇ ಹೋಗುತ್ತವೆ. ಈ ಥೆರಪಿಯಲ್ಲಿ ಬಳಸುವುದು ಸುಮಾರು 5 ಗ್ರಾಂ ತೂಕದಷ್ಟು ಒತ್ತಡ. ಅಷ್ಟಕ್ಕೆ ದೊಡ್ಡವರ ಬುರುಡೆಯ ಮೂಳೆ ಸರಿಯುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಒಂದು ಕೆಲಸ ಮಾಡಿ. ಎರಡೂ ಕಡೆ ಕಣತಲೆಯ ಮೇಲೆ, ಕಿವಿಗಿಂತ ಸ್ವಲ್ಪ ಮುಂದೆ ಮೇಲಕ್ಕೆ, ಬೆರಳಿಟ್ಟುಕೊಂಡು ಹಲ್ಲು ಕಚ್ಚಿ. ಬೆರಳಿನಡಿ ಏನೋ ಉಬ್ಬುತ್ತದೆ, ಬಿಟ್ಟರೆ ಇಳಿಯುತ್ತದೆ. ಅದು ಮೂಳೆಯಲ್ಲ, ದವಡೆ ಎಳೆಯುವ ಟೆಂಪೊರಾಲಿಸ್ ಸ್ನಾಯು. ಈಗ ಹಲ್ಲು ಬಿಟ್ಟು ಸುಮ್ನೆ ಬೆರಳಿಟ್ಟುಕೊಂಡಿರಿ. ಸ್ವಲ್ಪ ಹೊತ್ತಿಗೆ ನಾಡಿ ಮಿಡಿತ ಸಿಗುತ್ತದೆ. ಅದು ನಿಮ್ಮದೋ, ಬೆರಳಿನದೋ ಹೇಳುವುದು ಕಷ್ಟ. ತಲೆ ಮುಟ್ಟಿದರೆ ಚಲನೆ ಸಿಗುವುದು ಸುಳ್ಳಲ್ಲ, ಯಾವುದರ ಚಲನೆ ಅನ್ನುವುದೇ ತಕರಾರು.

ಪ್ರಶ್ನೆ: ಹಾಗಾದರೆ ಈ ಐಡಿಯಾ ಎಲ್ಲಿಂದ ಬಂತು ಮೇಡಂ? ಹೆಸರಲ್ಲಿ ಸೇಕ್ರಲ್ ಅಂತಲೂ ಇದೆಯಲ್ಲ, ತಲೆಗೂ ಸೊಂಟದ ಕೆಳಗಿನ ಆ ಸೇಕ್ರಮ್ ಮೂಳೆಗೂ ಏನು ಸಂಬಂಧ?

ಉತ್ತರ: ಅಮೆರಿಕದ ಆಸ್ಟಿಯೋಪತ್ (ಮೂಳೆ, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವವರು) ವಿಲಿಯಂ ಸದರ್‌ಲ್ಯಾಂಡ್ ಅವರಿಂದ. ಕಿವಿ ಪಕ್ಕದ ಮೂಳೆಯ ಅಂಚು ಓರೆಯಾಗಿರುವುದನ್ನು ನೋಡಿ, ಇದು ಚಲನೆಗೇ ಇರಬೇಕು ಅಂದುಕೊಂಡರು. 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಅದನ್ನೇ ಬೆಳೆಸಿ ಈಗಿನ ಹೆಸರು ಕೊಟ್ಟರು.

ಸಂಬಂಧ ಮಾತ್ರ ನಿಜವಾಗಿಯೂ ಇದೆ. ಮಿದುಳಿನ ಹೊರಪೊರೆ ಡ್ಯೂರಾ ಬುರುಡೆಯ ತಳದ ದೊಡ್ಡ ತೂತಿನಿಂದ ಇಳಿದು, ಬೆನ್ನುಹುರಿಯನ್ನು ಸುತ್ತಿಕೊಂಡು ಸೇಕ್ರಮ್‌ವರೆಗೆ ಹೋಗುತ್ತದೆ. ಅದರೊಳಗೆ ಸಿಎಸ್‌ಎಫ್ ಅನ್ನುವ ತಿಳಿ ದ್ರವ, ದೊಡ್ಡವರಲ್ಲಿ ಸುಮಾರು 150 ಮಿಲಿ. ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ಹುಟ್ಟುತ್ತದೆ, ಅಂದರೆ ಮೂರಕ್ಕಿಂತ ಜಾಸ್ತಿ ಸಲ ಬದಲಾಗುತ್ತದೆ. ಹೃದಯದ ಬಡಿತಕ್ಕೆ, ಉಸಿರಿಗೆ ತಕ್ಕಂತೆ ಅದು ಹಿಂದೆ ಮುಂದೆ ಸರಿಯುವುದು ಎಂಆರ್‌ಐನಲ್ಲಿ ಕಾಣುತ್ತದೆ. ಇಲ್ಲಿಯವರೆಗೆ ಜಗಳವೇ ಇಲ್ಲ.

ಹೃದಯದ್ದೂ ಅಲ್ಲದ, ಉಸಿರಿನದೂ ಅಲ್ಲದ ಮೂರನೆಯ ಲಯವೊಂದಿದೆ, ನಿಮಿಷಕ್ಕೆ 6ರಿಂದ 12 ಸಲ, ಅದನ್ನು ಕೈಯಲ್ಲೇ ಓದಬಹುದು ಅಂತ ಈ ಥೆರಪಿಯವರು ಅಂದಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಒಬ್ಬರದೇ ತಲೆಯನ್ನು ಬೇರೆ ಬೇರೆ ಥೆರಪಿಸ್ಟ್‌ಗಳು ಪರೀಕ್ಷಿಸಿದಾಗ ಅವರ ಎಣಿಕೆ ಒಂದಕ್ಕೊಂದು ತಾಳೆಯಾಗಿಲ್ಲ. ಅಳತೆಯೇ ಕೂಡಿ ಬರದಿದ್ದರೆ ಸರಿ ಮಾಡುವುದು ಏನನ್ನು?

ಇನ್ನೊಬ್ಬರ ಪ್ರಶ್ನೆ: ಆದರೆ ನಾನು ಮಾಡಿಸಿಕೊಂಡಿದ್ದೇನೆ ಮೇಡಂ, ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು. ಅದೂ ಸುಳ್ಳಾ?

ಉತ್ತರ: ಅಯ್ಯೋ, ಸುಳ್ಳು ಅಂತ ಯಾಕೆ ಹೇಳಲಿ? ನಿಶ್ಶಬ್ದವಾದ ಕೋಣೆ, ಬಟ್ಟೆ ಹಾಕಿಕೊಂಡೇ ಅಂಗಾತ ಮಲಗುವುದು, ಹಿಂದಲೆಯ ಅಡಿಗೆ ಒಬ್ಬರು ಬೆಚ್ಚಗೆ ಕೈಯಿಟ್ಟು ಹತ್ತಾರು ನಿಮಿಷ ಅಲ್ಲಾಡದೆ ಕೂರುವುದು. ಫೋನೂ ಇಲ್ಲ. ಕುತ್ತಿಗೆ ಬಿಗಿ ಸಡಿಲಾಗದೆ ಇನ್ನೇನು! ಕುತ್ತಿಗೆ ನೋವಿಗೆ ಗುಣ ಕಂಡಿದೆ ಅನ್ನುವ ಅಧ್ಯಯನಗಳಿವೆ, ಏನೂ ಇಲ್ಲ ಅನ್ನುವ ಅಧ್ಯಯನಗಳೂ ಇವೆ. ಹಾಯಾಗುತ್ತದೆ ಅಂದರೆ ಹೋಗಿ. ಮೂಳೆ ಸರಿ ಹೋಯಿತು ಅಂತ ಮಾತ್ರ ನಂಬಬೇಡಿ.

ಮತ್ತೊಬ್ಬರ ಪ್ರಶ್ನೆ: ಪಾಪುಗೆ ಮಾಡಿಸಬಹುದಾ? ಐದು ತಿಂಗಳು, ತಲೆ ಒಂದು ಕಡೆ ಚಪ್ಪಟೆಯಾಗಿದೆ.

ಉತ್ತರ: ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ ಅಮ್ಮ. ಯಾವಾಗಲೂ ಒಂದೇ ಕಡೆ ಮಲಗಿ ಚಪ್ಪಟೆಯಾಗಿರುವುದೇ ಜಾಸ್ತಿ. ಆದರೆ ಕೆಲವು ಮಕ್ಕಳಲ್ಲಿ ಸೂಚರ್ ಬೇಗನೆ ಬೆಸೆದುಕೊಂಡಿರುತ್ತದೆ, ಅದಕ್ಕೆ ಆಪರೇಷನ್ ಬೇಕಾಗಬಹುದು. ನೆತ್ತಿಯ ಮುಂಭಾಗದ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಮಗು ಅಳದೆ ಸುಮ್ಮನಿರುವಾಗಲೂ ಅದು ಉಬ್ಬಿದ್ದರೆ, ಇಲ್ಲವೇ ಒಳಗೆ ಇಳಿದಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೇಡಂ, ಮೊದಲು ಕೇಳಿದ್ದು ನಾನೇ. ಕೊನೆಗೆ ಹೋಗಲೋ ಬೇಡವೋ?

ಉತ್ತರ: ಕುತ್ತಿಗೆ ಪರೀಕ್ಷೆ ಮಾಡಿಸಿ, ವ್ಯಾಯಾಮ ಶುರು ಮಾಡಿ, ಆಮೇಲೂ ಆಸೆಯಿದ್ದರೆ ಹೋಗಿ. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ, ಸ್ಟ್ರೋಕ್ ಆಗಿದ್ದರೆ, ಮಿದುಳಿನ ರಕ್ತನಾಳ ಉಬ್ಬಿದೆ ಅಂತ ಹೇಳಿದ್ದರೆ ಬೇಡವೇ ಬೇಡ. ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು ಬಂದರೆ ನೇರ ಎಮರ್ಜೆನ್ಸಿಗೆ. ಥೆರಪಿಸ್ಟ್ ನಿಮ್ಮ ಮಾತ್ರೆ ನಿಲ್ಲಿಸಿ ಅಂದರೆ ಎದ್ದು ಬನ್ನಿ.